ಗಡ್ಡೆ ಹೊಳೆಯಿತು, ರಿಸೆಪ್ಟರ್ ಎಲ್ಲಿತ್ತು?

ಶುರುವಿನ ಕೆಲವು ತಿಂಗಳು ನಾನು ಹೊಳಪನ್ನೇ ನಂಬಿಕೊಂಡಿದ್ದೆ. ಇಲಿಯ ಮಿದುಳಿನಲ್ಲಿ ಬೆಳೆಸಿದ ಯು251 ಗ್ಲಿಯೋಮಾ, ಅಂದರೆ ಮನುಷ್ಯನ ಕೋಶಗಳಿಂದ ಬೆಳೆಸಿದ ಮಿದುಳಿನ ಗಡ್ಡೆ. ಅದರ ಇಜಿಎಫ್‌ಆರ್ ರಿಸೆಪ್ಟರನ್ನು (ಕೋಶದ ಮೇಲ್ಮೈಯಲ್ಲಿ ಬೆಳವಣಿಗೆಯ ಸಂಕೇತ ಹಿಡಿಯುವ ಪ್ರೋಟೀನು) ಹಿಡಿಯುವ ಅಫಿಬಾಡಿ ಎಂಬ ಪುಟ್ಟ ಪ್ರೋಟೀನು. ಅಫಿಬಾಡಿಗೆ ಕಟ್ಟಿದ ಐಆರ್‌ಡೈ 800ಸಿಡಬ್ಲ್ಯೂ ಎಂಬ, ಸ್ಕ್ಯಾನರಿಗೆ ಹೊಳೆದು ಕಾಣುವ ಬಣ್ಣ. ಬಾಲದ ರಕ್ತನಾಳಕ್ಕೆ ಕೊಟ್ಟು ಒಂದು ಗಂಟೆ ಕಾದು, ಮಿದುಳಿನ ಹೋಳುಗಳನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟರೆ ಗಡ್ಡೆಯ ಜಾಗ ಬೆಳ್ಳಗೆ ಎದ್ದು ಕಾಣುತ್ತಿತ್ತು.

ಆಮೇಲೆ ಇಜಿಎಫ್‌ಆರ್ ತೀರಾ ಕಡಿಮೆ ಇರುವ 9ಎಲ್ ಎಂಬ ಇನ್ನೊಂದು ಬಗೆಯ ಗಡ್ಡೆಯನ್ನು ನೋಡಿದೆ. ಅದೂ ಹೊಳೆಯಿತು. ಆ ದಿನ ನನ್ನ ಹಳೆಯ ಚಿತ್ರಗಳ ಮೇಲಿನ ಭರವಸೆಯೇ ಹೋಯಿತು. ಗಡ್ಡೆಯ ರಕ್ತನಾಳಗಳು ಸೋರುತ್ತವೆ. ಒಳಗೆ ಬಂದದ್ದು ಬೇಗ ಹೊರಗೆ ಹೋಗುವುದಿಲ್ಲ. ರಿಸೆಪ್ಟರಿಗೆ ಅಂಟಿದ ಟ್ರೇಸರ್ (ಬಣ್ಣ ಕಟ್ಟಿದ ಅಫಿಬಾಡಿ) ಯಾವುದು, ಸುಮ್ಮನೆ ನಿಂತದ್ದು ಯಾವುದು ಎಂದು ಒಂದೇ ಬಣ್ಣ ಹೇಳಲಾರದು.

ಹಾಗಾಗಿ ಎರಡನೆಯ ಟ್ರೇಸರ್ ತಂದೆ: ಯಾವ ರಿಸೆಪ್ಟರಿಗೂ ಅಂಟದ, ಅದೇ ಗಾತ್ರದ ಅಫಿಬಾಡಿ, ಐಆರ್‌ಡೈ 680ಆರ್‌ಡಿ ಬಣ್ಣದಲ್ಲಿ. ಸೋರಿಕೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಉಳಿಯುವುದು ಅಂಟುವುದರಲ್ಲಿ. ಅಂಟುವ ಟ್ರೇಸರಿನ ಹೊಳಪಿನಿಂದ ಅಂಟದ್ದರ ಹೊಳಪು ಕಳೆದು, ಅಂಟದ್ದರಿಂದಲೇ ಭಾಗಿಸಬೇಕು. 3 ಮತ್ತು 1 ಬಂದರೆ ಬೈಂಡಿಂಗ್ ಪೊಟೆನ್ಶಿಯಲ್, ಅಂದರೆ ಅಂಟುವಿಕೆಯ ಅಳತೆ, 2. ಖಾಲಿ ಇರುವ ರಿಸೆಪ್ಟರ್ ಹೆಚ್ಚಿದಂತೆ ಈ ಸಂಖ್ಯೆಯೂ ಏರುತ್ತದೆ.

ಲೆಕ್ಕ ಸುಲಭ, ಕೈಕೆಲಸ ಕಷ್ಟ. ಮೊದಲ ಸಲ ಎರಡು ಟ್ರೇಸರುಗಳನ್ನು ಕೆಲವು ನಿಮಿಷ ಬಿಟ್ಟು ಬೇರೆಬೇರೆಯಾಗಿ ಕೊಟ್ಟೆ. ಅಫಿಬಾಡಿ ಅಣುತೂಕದಲ್ಲಿ ಸುಮಾರು 7 ಕಿಲೋಡಾಲ್ಟನ್‌ನಷ್ಟು ಚಿಕ್ಕದು, ರಕ್ತದಿಂದ ಬೇಗ ಇಳಿದುಹೋಗುತ್ತದೆ. ಆ ಕೆಲವು ನಿಮಿಷಗಳೇ ಉತ್ತರವನ್ನು ಸೊನ್ನೆಗಿಂತ ಕೆಳಕ್ಕೆ ಎಳೆದವು. ಈಗ ಎರಡನ್ನೂ ಒಂದೇ ಸಿರಿಂಜಿನಲ್ಲಿ ಬೆರೆಸಿಯೇ ಕೊಡುತ್ತೇನೆ. ಎರಡು ಬಣ್ಣಗಳ ಚಾನಲ್‌ಗಳ ಹೊಳಪನ್ನು ಅದೇ ಪ್ರಾಣಿಯ ಸ್ನಾಯುವಿನ ತುಂಡಿನ ಮೇಲೆ ಸರಿದೂಗಿಸುತ್ತೇನೆ.

ಇನ್ನೊಂದು ಸಲ ಹೋಳಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗ ವಿಪರೀತ ಹೆಚ್ಚಿನ ಬೈಂಡಿಂಗ್ ತೋರಿಸಿತು. ತುಂಬ ಸಂತೋಷಪಟ್ಟೆ. ಗಾಜನ್ನು ಬಗ್ಗಿ ನೋಡಿದರೆ ಅಲ್ಲಿ ಕಪ್ಪಗಿನ ರಕ್ತದ ಕಲೆ! ಆಮ್ಲಜನಕ ಕಳೆದುಕೊಂಡ ರಕ್ತ ಅಂಟದ ಟ್ರೇಸರನ್ನು ಹೊಳೆಯಿಸುವ 685 ನ್ಯಾನೋಮೀಟರ್ ಬೆಳಕನ್ನು, ಅಂಟುವ ಟ್ರೇಸರನ್ನು ಹೊಳೆಯಿಸುವ 785ರ ಬೆಳಕಿಗಿಂತ ಹೆಚ್ಚು ಹೀರುತ್ತದೆ. ಹಾಗಾಗಿ ಅಂಟದ ಟ್ರೇಸರ್ ಕಡಿಮೆ ಇದ್ದಂತೆ ಕಂಡಿತ್ತು. ಅಂದಿನಿಂದ ಪ್ರತಿ ಹೋಳನ್ನೂ ಲವಣದ್ರಾವಣದಲ್ಲಿ ತೊಳೆದು, ಮಾಮೂಲಿ ಬೆಳಕಿನಲ್ಲೂ ಒಂದು ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ.

ಈಗ 9ಎಲ್ ಗಡ್ಡೆ 800ರ ಚಿತ್ರದಲ್ಲಿ ಹೊಳೆದರೂ ಬೈಂಡಿಂಗ್ ನಕ್ಷೆಯಲ್ಲಿ ಸೊನ್ನೆಯ ಹತ್ತಿರ ಕೂರುತ್ತದೆ, ಯು251 ಎತ್ತರದಲ್ಲಿ ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಈ ಅಂತರ. ಆದರೆ ಗಡ್ಡೆಯ ಕೋಶಗಳು ಆರೋಗ್ಯವಂತ ಮಿದುಳಿನೊಳಗೆ ನುಸುಳಿರುವ ಅಂಚಿನಲ್ಲಿ ರಕ್ತ-ಮಿದುಳು ತಡೆಗೋಡೆ ಇನ್ನೂ ಗಟ್ಟಿಯಾಗಿಯೇ ಇರಬಹುದು. ಅಲ್ಲಿ ಎರಡೂ ಟ್ರೇಸರ್ ತಲುಪುವುದಿಲ್ಲ, ಭಾಗಿಸಲು ಏನೂ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸಕರಿಗೆ ತೀರಾ ಬೇಕಾದ ಜಾಗವೂ ಅದೇ. ಅಂಥ ಪಿಕ್ಸೆಲ್‌ಗಳಿಗೆ ಬಣ್ಣ ತುಂಬದೆ, ನಕ್ಷೆಯಲ್ಲಿ ಬೂದು ಬಣ್ಣದಲ್ಲೇ ಬಿಡುತ್ತಿದ್ದೇನೆ.