ಅಂಜೂರಕ್ಕೆ ನೀರು ಸಾಕು, ಸೋರೆಗೆ ನಿಮ್ಮ ಕೈ ಬೇಕು

ಪುಣೆಯ ಟೆರೇಸಿನಲ್ಲಿ ಅಂಜೂರ ಬೆಳೆಸುವವರಿಗೆಲ್ಲ ಬರುವ ಅನುಮಾನ: ಹೂವೇ ಬಿಡದೆ ಕಾಯಿ ಬಂದದ್ದು ಹೇಗೆ? ಹೂವು ಕಾಯಿಯ ಹೊಟ್ಟೆಯಲ್ಲೇ ಇದೆ. ಹೀಚನ್ನು ಉದ್ದಕ್ಕೆ ಸೀಳಿದರೆ ಒಳಗೋಡೆಗೆ ಅಂಟಿದ ಎಳೆ ಎಳೆಯೂ ಒಂದೊಂದು ಹೂವು. ಪುಣೆ ಬಳಿಯ ಪುರಂದರ, ಸಾಸವಡದ ಕಡೆ ಬೆಳೆಯುವ ಅಂಜೂರ ಪರಾಗವಿಲ್ಲದೆಯೇ ಹಣ್ಣಾಗುತ್ತದೆ. ಪರಾಗ ಹೊತ್ತು ತರುವ ಕಣಜದ ಹುಳವೂ ಬೇಡ, ಕೈಯಿಂದ ಹಚ್ಚುವ ಬ್ರಷ್ಷೂ ಬೇಡ. ಸ್ಮಿರ್ನಾ ಎಂಬ ಅಂಜೂರ ತಳಿಯ ವಿಷಯ ಬೇರೆ, ಅದು ಪರಾಗವಿಲ್ಲದೆ ಹಣ್ಣಾಗದು. ಅದಕ್ಕಾಗಿಯೇ ಕ್ಯಾಲಿಫೋರ್ನಿಯಾದವರು 1899ರಲ್ಲಿ ಕಣಜವನ್ನು ತಂದು ನೆಲೆಗೊಳಿಸಿದರು.

ಆದ್ದರಿಂದ ಅಂಜೂರದ ಹೀಚು ಉದುರಿದರೆ ಪರಾಗಸ್ಪರ್ಶವನ್ನು ದೂರಬೇಡಿ, ಮೊದಲು ನೀರನ್ನು ನೋಡಿ. ಒಂದು ವಾರ ಒಣಗಿಸಿ ಮರುದಿನ ಕುಂಡ ತುಂಬಿಸುವುದೇ ಸಾಮಾನ್ಯ ತಪ್ಪು. ಮೇಲಿನ ಎರಡು ಇಂಚು ಮಣ್ಣು ಒಣಗಿದಾಗ ನೀರು ಕೊಡಿ, ತಳದ ತೂತು ಕಟ್ಟದಂತೆ ನೋಡಿಕೊಳ್ಳಿ.

ಸೊಸೈಟಿಯ ಗೋಡೆ ಪಕ್ಕದ, ಅಂಜೂರದ ಬಂಧುವಾದ ಅತ್ತಿಮರಕ್ಕೆ ಮಾತ್ರ ಕಣಜ ಬೇಕೇ ಬೇಕು. ಹೆಣ್ಣುಕಣಜ ಕಾಯಿಯ ತುದಿಯ ಕಿರುಗಂಡಿಯಲ್ಲಿ ರೆಕ್ಕೆ ಕಳೆದುಕೊಂಡು ನುಗ್ಗಿ, ತಂದ ಪರಾಗ ಹಚ್ಚಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಹೆಣ್ಣುಮರಿಗಳು ಹೊಸ ಪರಾಗ ಹೊತ್ತು ಇನ್ನೊಂದು ಕಾಯಿ ಹುಡುಕಿಕೊಂಡು ಹಾರುತ್ತವೆ. ಅತ್ತಿಹಣ್ಣು ಬಿಡಿಸಿದಾಗ ಕಾಣುವ ಹುಳಗಳ ಗುಟ್ಟು ಇದೇ. ಅಲ್ಲಿ ನಮಗೇನೂ ಕೆಲಸವಿಲ್ಲ.

ಕೆಲಸವಿರುವುದು ಸೋರೆ, ಕುಂಬಳ, ಹೀರೆಯಂಥ ಬಳ್ಳಿಗಳಲ್ಲಿ. ಮುಂಬೈಯ ಹತ್ತನೇ ಮಹಡಿಯ ಗ್ಯಾಲರಿಗೆ ಜೇನು ಅಪರೂಪ, ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ನಾವೇ ಹಚ್ಚಬೇಕು. ಹೂವಿನ ಬುಡದಲ್ಲಿ ಪುಟ್ಟ ಕಾಯಿಯಿದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಮೊದಲ ಒಂದೆರಡು ವಾರ ಗಂಡುಹೂಗಳೇ ಬರುತ್ತವೆ, ಗಾಬರಿ ಬೇಡ. ಆಮೇಲೂ ಹೆಣ್ಣು ಕಾಣದಿದ್ದರೆ ಗೊಬ್ಬರ ಅತಿಯಾಗಿರಬಹುದು. ಯೂರಿಯಾ ನಿಲ್ಲಿಸಿ, ಸೋರೆಯಾದರೆ ಬಳ್ಳಿಯ ತುದಿ ಚಿವುಟಿ. ಪಕ್ಕದ ಕವಲುಗಳಲ್ಲಿ ಹೆಣ್ಣು ಬರುತ್ತದೆ.

ಹೊತ್ತು ತಪ್ಪಿದರೆ ಶ್ರಮ ದಂಡ. ಕುಂಬಳ ನಸುಕಿನಲ್ಲಿ ಅರಳಿ ಒಂಬತ್ತರೊಳಗೆ ಮುದುಡುತ್ತದೆ, ಹಾಗಲಕ್ಕೂ ಬೆಳಗ್ಗೆಯೇ. ಸೋರೆ, ಹೀರೆ ಅರಳುವುದು ಇಳಿಹೊತ್ತಿಗೆ. ಬೆಳಗ್ಗೆ ಆರಕ್ಕೆ ಹೀರೆಬಳ್ಳಿಯ ಮುಂದೆ ಬ್ರಷ್ ಹಿಡಿದು ನಿಂತವರೇ ಹೆಚ್ಚು! ಅದೇ ದಿನ ಅರಳಿದ ಗಂಡುಹೂವನ್ನು ತೊಟ್ಟು ಸಮೇತ ಕಿತ್ತು, ಎಸಳು ಬಿಡಿಸಿ, ಕೇಸರವನ್ನು ಬೆರಳಿಗೆ ಮುಟ್ಟಿಸಿ. ಪುಡಿ ಅಂಟಿದರೆ ಸರಿ. ಹೆಣ್ಣುಹೂವಿನ ನಡುವಿನ ಅಂಟುಭಾಗದ ಎಲ್ಲ ಹೋಳುಗಳಿಗೂ ಮೆಲ್ಲಗೆ ಸವರಿ. ಒಂದೇ ಹೋಳಿಗೆ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ಒಂದು ಗಂಡುಹೂವು ಎರಡು ಹೆಣ್ಣಿಗೆ ಸಾಕು.

ಜುಲೈ ಮಳೆಯಲ್ಲಿ ನೆನೆದ ಪರಾಗ ಕೆಲಸಕ್ಕೆ ಬಾರದು. ಅರಳುವ ಮುನ್ನವೇ ಎರಡೂ ಮೊಗ್ಗುಗಳ ಮೇಲೆ ಪ್ಲಾಸ್ಟಿಕ್ ಲೋಟ ಬೋರಲು ಹಾಕಿಡಿ.

ಟೊಮೆಟೊ, ಬದನೆಯ ಹೂವಿನಲ್ಲಿ ಗಂಡು-ಹೆಣ್ಣು ಎರಡೂ ಇವೆ. ಬೆಳಗ್ಗೆ ಗೊಂಚಲನ್ನು ಬೆರಳಿನಿಂದ ತಟ್ಟಿದರಾಯಿತು. ಪುಣೆಯ ಏಪ್ರಿಲ್ ಬಿಸಿಲಿಗೆ ಹೂ ಉದುರಿದರೆ ತಟ್ಟಿ ಫಲವಿಲ್ಲ, ನೆರಳುಬಲೆ ಕಟ್ಟಿ.

ನಾಲ್ಕೈದು ದಿನದಲ್ಲಿ ಸೋರೆಯ ಮಿಡಿ ಹಸಿರಾಗಿಯೇ ಉಬ್ಬಿದರೆ ಕಾಯಿ ಕಚ್ಚಿದೆ. ತುದಿ ಹಳದಿಗೆ ತಿರುಗಿದರೆ ಕಿತ್ತುಹಾಕಿ, ಮುಂದಿನ ಹೆಣ್ಣುಹೂವಿಗೆ ಸಂಜೆ ಮತ್ತೆ ಬನ್ನಿ.