ಪ್ಯಾರಿಸ್‌ನಲ್ಲಿ ಗದ್ದಲವಿಲ್ಲದ ಚೌಕಗಳು: ಹೋಗುವುದು ಹೇಗೆ?

ಪ್ಯಾರಿಸ್‌ಗೆ ಹೊರಟವರು ಅರ್ಧ ದಿನವನ್ನು ಸಣ್ಣ ಚೌಕಗಳಿಗೆಂದೇ ಇಟ್ಟುಕೊಳ್ಳಿ. ಶುರು ಮಾಡಲು ಮರೇ ಬಡಾವಣೆಯೇ ವಾಸಿ.

ಮೆಟ್ರೋ 1ನೇ ಲೈನಿನ ಸೆಂ-ಪೋಲ್ ನಿಲ್ದಾಣದಲ್ಲಿ ಇಳಿದು, ಸೆಂತಾಂತ್ವಾನ್ ರಸ್ತೆಯಲ್ಲಿ ಬಾಸ್ತಿಯ್ ಕಡೆಗೆ ನಡೆಯಿರಿ. ಎಡಕ್ಕೆ ಸಿಗುವ ಕಾರೋನ್ ಎಂಬ ಪುಟ್ಟ ಬೀದಿ ಸೇಂತ್-ಕತ್ರಿನ್ ಮಾರುಕಟ್ಟೆ ಚೌಕಕ್ಕೆ ಸೇರುತ್ತದೆ. ಅಲ್ಲಿ ಮರಗಳ ನೆರಳು, ಸುತ್ತ ಹೋಟೆಲ್ ಮೇಜುಗಳು. ಬೆಳಗ್ಗೆಯೇ ಹೋಗಿ, ಊಟದ ಹೊತ್ತಿಗೆ ತುಂಬಿಬಿಡುತ್ತದೆ.

ವಾಪಸ್ ರಸ್ತೆಗೆ ಬಂದು 62ನೇ ನಂಬರಿನ ಓತೆಲ್ ದ ಸುಲ್ಲಿ ಹುಡುಕಿ. ಹೆಸರು ನೋಡಿ ವಸತಿಗೃಹ ಎಂದುಕೊಂಡು ಬಹಳ ಜನ ಮುಂದೆ ಹೋಗುತ್ತಾರೆ. ಅದು 17ನೇ ಶತಮಾನದ ಬಂಗಲೆ. ಅಂಗಳ ದಾಟಿ ಹಿಂದಿನ ತೋಟಕ್ಕೆ ಹೋದರೆ, ತುದಿಯ ಬಲ ಮೂಲೆಯಲ್ಲಿ ಚಿಕ್ಕ ಬಾಗಿಲು. ಆಚೆ ಕಾಲಿಟ್ಟರೆ 1612ರ ವೋಜ್ ಚೌಕದ ಕಮಾನುಗಳು! ಸಂಜೆ ಈ ಬಾಗಿಲು ಮುಚ್ಚುತ್ತದೆ, ಹಗಲಲ್ಲೇ ಹೋಗಿ. ಈ ಚೌಕದ 6ನೇ ನಂಬರಿನಲ್ಲಿ ಲೇಖಕ ವಿಕ್ಟರ್ ಹ್ಯೂಗೋ ಮನೆಯಿದೆ, ಈಗ ಅದು ವಸ್ತುಸಂಗ್ರಹಾಲಯ. ಕಾಯಂ ಸಂಗ್ರಹ ಉಚಿತ, ಸೋಮವಾರ ರಜೆ.

ಮುಂದಿನದು ದೊಫಿನ್ ಚೌಕ. ಅದಕ್ಕೆ ಸೇನ್ ನದಿಯ ಪೊಂ-ನೆಫ್ ಸೇತುವೆಯ ಮಧ್ಯದಲ್ಲಿರುವ ರಾಜ ನಾಲ್ಕನೇ ಹೆನ್ರಿಯ ಕುದುರೆ ಪ್ರತಿಮೆಯೇ ಗುರುತು. ಅದರೆದುರು ಎರಡು ಇಟ್ಟಿಗೆ ಮನೆಗಳ ನಡುವಿನ ಸಂದಿಯಲ್ಲಿ ನುಗ್ಗಿ. ತ್ರಿಕೋನ ಜಾಗ, ಮಣ್ಣಿನ ನೆಲ. ಮಳೆ ಬಂದರೆ ಬಿಳಿ ಶೂ ಬೇಡ.

ಕಾಫಿಗೆ ಹೊರಗಿನ ಮೇಜಿಗಿಂತ ಕೌಂಟರಿನಲ್ಲಿ ಸಾಮಾನ್ಯವಾಗಿ ಕಡಿಮೆ ದರ. ಊಟಕ್ಕೆ ಕೂತಾಗ 'ಕರಾಫ್ ದೋ' ಎಂದು ಕೇಳಿ, ನಲ್ಲಿ ನೀರು ಪುಕ್ಕಟೆ ಕೊಡುತ್ತಾರೆ.