ಹೊಸ ಟೈಲ್ಸ್ ಮೇಲಿನ ಬಿಳಿ ಪೊರೆಗೆ ಆಸಿಡ್ ಬೇಡ

ನಮ್ಮ ಚಿತ್ರದುರ್ಗದ ಕಡೆ ಗೃಹಪ್ರವೇಶದ ದಿನ ಮೊದಲೇ ನಿಗದಿ ಆಗಿರುತ್ತದೆ, ಟೈಲ್ಸ್ ಕೆಲಸ ಮಾತ್ರ ಕೊನೆಗೆ ಉಳಿದಿರುತ್ತದೆ. ಟೈಲ್ಸ್ ಸಂದಿಗೆ ಗ್ರೌಟ್, ಅಂದರೆ ಸಿಮೆಂಟಿನ ಮಿಶ್ರಣ, ತುಂಬಿ ಮೇಸ್ತ್ರಿ ಹೋದ ಮೇಲೆ ನೋಡಿದರೆ ನೆಲದ ತುಂಬಾ ಬಿಳಿ ಪೊರೆ. ಆಗ ಯಾರಾದರೊಬ್ಬರು ಬಂದು, "ಒಂದು ಬಾಟ್ಲಿ ಆಸಿಡ್ ಸುರಿದು ಉಜ್ಜಿಸಿ, ಫಳಫಳ ಅನ್ನುತ್ತೆ" ಅಂತಾರೆ. ದಯವಿಟ್ಟು ಬೇಡ. ಪೊರೆಯೂ ಸಿಮೆಂಟೇ, ಸಂದಿಯಲ್ಲಿರುವುದೂ ಸಿಮೆಂಟೇ. ಪೊರೆ ತಿನ್ನುವ ಆಸಿಡ್ ಸಂದಿಯನ್ನು ಸುಮ್ನೆ ಬಿಡುತ್ತದಾ? ಗ್ರೌಟ್ ಸವೆದು ಪುಡಿ ಉದುರಿದರೆ, ಬಚ್ಚಲಿನಲ್ಲಿ ನೀರು ಒಳಗಿಳಿಯಲು ದಾರಿ ಆಯಿತು ಅಂತಲೇ ಲೆಕ್ಕ.

ನಿಜವಾದ ಕೆಲಸ ಗ್ರೌಟ್ ಹಾಕಿದ ಹೊತ್ತಿನಲ್ಲೇ ಇದೆ. ಹಾಕಿದ 15ರಿಂದ 30 ನಿಮಿಷದೊಳಗೆ ಒದ್ದೆ ಸ್ಪಾಂಜಿನಿಂದ ಒರೆಸಬೇಕು. ಬೇಸಿಗೆಯಲ್ಲಿ, ಅದರಲ್ಲೂ ದುರ್ಗದ ಗಾಳಿ ಬೀಸುವಾಗ ಅದು ಇನ್ನೂ ಬೇಗ ಬಿಗಿಯುತ್ತದೆ. ಹಾಗಾಗಿ ಕಿಟಕಿ ಮುಚ್ಚಿಸಿ, ಮೇಸ್ತ್ರಿಗೆ ಸ್ವಲ್ಪ ಸ್ವಲ್ಪ ಜಾಗವನ್ನೇ ಹಿಡಿಯಲು ಹೇಳಿ. ಸ್ಪಾಂಜನ್ನು ಚೆನ್ನಾಗಿ ಹಿಂಡಿ, ಸಂದಿಗೆ ಓರೆಯಾಗಿ, ಮೂಲೆಯಿಂದ ಮೂಲೆಗೆ ಎಳೆಯಬೇಕು. ಸಂದಿಯ ಉದ್ದಕ್ಕೇ ಎಳೆದರೆ ತುಂಬಿದ್ದೆಲ್ಲ ಎದ್ದು ಬರುತ್ತದೆ. ಬಕೆಟ್ ನೀರು ಹಾಲಿನ ಬಣ್ಣಕ್ಕೆ ತಿರುಗಿತೋ, ಚೆಲ್ಲಿ ಹೊಸ ನೀರು ತಗೊಳ್ಳಿ. ಅದೇ ನೀರಿನಲ್ಲಿ ಒರೆಸುತ್ತಾ ಹೋದರೆ ತೆಗೆದ ಸಿಮೆಂಟನ್ನೇ ಮತ್ತೆ ಬಳಿದ ಹಾಗೆ.

ಆ ಹೊತ್ತು ಮೀರಿ ಹೋಗಿದೆಯಾ? ಗಾಬರಿ ಬೇಡ. ಒಂದೆರಡು ದಿನ ಸಂದಿ ಗಟ್ಟಿಯಾಗಲಿ. ಆಮೇಲೆ ಹಳೇ ಪಂಚೆಯ ತುಂಡು ಅಥವಾ ಟವೆಲ್ಲಿನಿಂದ ಒಣಗಿದ್ದಾಗಲೇ ಗಟ್ಟಿಯಾಗಿ ಉಜ್ಜಿ. ತೆಳು ಪೊರೆ ಬಹಳಷ್ಟು ಇದರಲ್ಲೇ ಪುಡಿಯಾಗಿ ಬರುತ್ತದೆ. ಪುಡಿ ಗುಡಿಸಿ, ಬರೀ ನೀರಿನಲ್ಲಿ ಒರೆಸಿ. ದಪ್ಪ ಚುಕ್ಕೆಗಳನ್ನು ಮರದ ಚಕ್ಕೆಯಿಂದಲೋ ಪ್ಲಾಸ್ಟಿಕ್ ಸ್ಕ್ರೇಪರಿನಿಂದಲೋ ಎಬ್ಬಿಸಿ. ಸ್ಟೀಲ್ ಉಜ್ಜುಗ ಬೇಡ, ಹೊಳಪಿನ ಮೇಲೆ ಗೀರು ಬೀಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಮಾತ್ರ ವಿನೆಗರ್, ಅದೂ ಕನಿಷ್ಠ ಹತ್ತು ದಿನ ಕಳೆದ ಮೇಲೆ. ಒಂದು ಲೋಟ ಬಿಳಿ ವಿನೆಗರಿಗೆ ನಾಲ್ಕು ಲೋಟ ನೀರು. ಮೊದಲು ಸಂದಿಗಳನ್ನು ಬರೀ ನೀರಿನಿಂದ ನೆನೆಸಿ, ಆಗ ಹುಳಿ ಒಳಗೆ ಜಾಸ್ತಿ ಇಳಿಯುವುದಿಲ್ಲ. ಉಳಿದ ಟೈಲ್ಸ್ ತುಂಡಿನ ಮೇಲೆ ಪರೀಕ್ಷಿಸಿ ನೋಡಿ, ಆಮೇಲೆ ನೆಲಕ್ಕೆ ಹಚ್ಚಿ. ಎರಡು ಮೂರು ನಿಮಿಷಕ್ಕೆ ಒರೆಸಿ, ಎರಡು ಸಲ ನೀರು ಹಾಕಿ ತೊಳೆಯಿರಿ. ಇದು ಸೆರಾಮಿಕ್, ವಿಟ್ರಿಫೈಡ್ ಟೈಲ್ಸಿಗೆ ಮಾತ್ರ. ಮಾರ್ಬಲ್, ಕಡಪ, ಶಹಾಬಾದ್ ಕಲ್ಲಿಗೆ ವಿನೆಗರ್, ನಿಂಬೆಹಣ್ಣು ಯಾವುದನ್ನೂ ತಾಗಿಸಬೇಡಿ. ಅವು ಸುಣ್ಣದ ಜಾತಿಯ ಕಲ್ಲು, ಹೊಳಪು ಅಲ್ಲೇ ಸತ್ತುಹೋಗುತ್ತದೆ. ಇನ್ನು ಆಸಿಡ್ ಆಗಲಿ ವಿನೆಗರ್ ಆಗಲಿ, ಬ್ಲೀಚಿಂಗ್ ಪುಡಿಯ ಜೊತೆ ಎಂದೂ ಸೇರಬಾರದು. ಏಳುವ ಗಾಳಿ ವಿಷ, ಮುಚ್ಚಿದ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ.

ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಸಿದ್ದರೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಅದನ್ನು ಬಿಗಿಯುವ ಮೊದಲೇ ಒರೆಸಿಸಬೇಕು. ಬಿಟ್ಟರೆ ಅದಕ್ಕಂತಲೇ ಸಿಗುವ ಎಪಾಕ್ಸಿ ಕ್ಲೀನರ್ ತರಬೇಕಾಗುತ್ತದೆ.

ಎಷ್ಟು ಒರೆಸಿದರೂ ಒಣಗಿದ ಕೂಡಲೇ ಬಿಳುಪು ಮತ್ತೆ ಕಾಣುತ್ತಿದ್ದರೆ, ಅದು ಗ್ರೌಟ್ ಅಲ್ಲದೆಯೂ ಇರಬಹುದು. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದಾಗ ಉಪ್ಪಿನ ಕಲೆ ಬಿಡುತ್ತದೆ. ಒಂದೇ ಒಂದು ಟೈಲನ್ನು ಆರ್‌ಒ ಫಿಲ್ಟರ್ ನೀರಿನಲ್ಲಿ ಒರೆಸಿ, ಒಣಬಟ್ಟೆಯಲ್ಲಿ ತೇವ ತೆಗೆದು ನೋಡಿ. ಅದು ಸ್ವಚ್ಛವಾಗಿಯೇ ಉಳಿದರೆ ತಪ್ಪು ನೀರಿನದು. ಇನ್ನು ಮೇಲೆ ನೆಲ ಒರೆಸಿದ ತಕ್ಷಣ ಒಣಬಟ್ಟೆ ಆಡಿಸಿಬಿಡಿ.